ವಾಜಿದರ ವಿಡಿಯೊ ಪೂರ್ತಿ ಇದೆಯೇ?

ತಿದ್ದುಪಡಿ: ವಾಜಿದರ ವಿಡಿಯೊ ನನ್ನ ಫೋನಿಗೆ ಸಂಪೂರ್ಣವಾಗಿ ಇಳಿದಿದೆ ಎಂದು ನಿನ್ನೆ ದಿನಚರಿಯಲ್ಲಿ ಬರೆದದ್ದು ತಪ್ಪು. ಆರಂಭವನ್ನಷ್ಟೇ ನೋಡಿ ಹಾಗೆ ಬರೆದಿದ್ದೆ. ಗೆಳೆಯ ವಾಜಿದ್ ತೀರಿಕೊಂಡ ಮೇಲೆ ಅದಕ್ಕಿಂತ ಹೆಚ್ಚು ನೋಡುವ ಧೈರ್ಯ ಬಂದಿರಲಿಲ್ಲ.

ಬೆಳಿಗ್ಗೆ ಅವರ ಮಗಳು ತಾಹೆರಾ ಕರೆಮಾಡಿದಳು. "ಅಂಕಲ್, ಫೋನ್ ರಿಪೇರಿಗೆ ಕೊಡ್ತಿದೀನಿ, ಎಲ್ಲಾ ಅಳಿಸೋಗತ್ತಂತೆ. ಅಬ್ಬಾನ ವಿಡಿಯೊ ನಿಮ್ಹತ್ರ ಪೂರ್ತಿ ಇದೆ ತಾನೆ?"

ನೋಡಲು ಕುಳಿತೆ. ಹೆಸರಘಟ್ಟದ ಕೆರೆ ಏರಿಯ ಮೇಲೆ ವಾಜಿದ್ ನಗುತ್ತಿದ್ದಂತೆ ಚಿತ್ರ ನಿಂತುಬಿಟ್ಟಿತು; ಉಳಿದ ಭಾಗ ಬಂದೇ ಇರಲಿಲ್ಲ. ತಾಹೆರಾ ಮತ್ತೊಮ್ಮೆ ಕಳುಹಿಸಿದಳು. ಈ ಸಲ ಕೊನೆಯವರೆಗೂ ನೋಡಿದೆ. ಕೊನೆಯಲ್ಲಿ ವಾಜಿದ್ ಇತ್ತ ತಿರುಗಿ ನನ್ನನ್ನು ಕೂಗಿ, "ಎಲ್ಲೋದ್ರಿ ಮೇಷ್ಟ್ರೇ? ಬನ್ನಿ, ನಿಮ್ ಚಾ ಆರೋಗ್ತಾ ಇದೆ" ಎನ್ನುತ್ತಾರೆ.

ತಾಹೆರಾಳಿಗೆ "ಪೂರ್ತಿ ಇದೆಯಮ್ಮ" ಎಂದು ತಿಳಿಸುವ ಮೊದಲೇ, ಒಬ್ಬನೇ ಕುಳಿತಿದ್ದ ಕೋಣೆಯಲ್ಲಿ, "ಬಂದೆ" ಎಂದಿದ್ದೆ.

ಶೆಟ್ಟಿಹಳ್ಳಿ, ಶುಕ್ರವಾರ, ೨೧ ನವೆಂಬರ್ ೨೦೨೫, ರಾತ್ರಿ ೧೦.೪೦