ಅಮ್ಮನ ಮೊದಲ ಸಹಿ

ಗುರುವಾರ, ಸೆಪ್ಟೆಂಬರ್ ೧೨

ಅಮ್ಮ ಹೋಗಿ ಐದು ತಿಂಗಳು. ಹೋದ ತಿಂಗಳು ಯಾರೋ ಅವಳ ಹೆಸರಿನಲ್ಲಿ ಫೋನ್ ನಂಬರ್ ತೆಗೆದುಕೊಂಡಿದ್ದಾರೆ. ನಿನ್ನೆ ಕಂಪನಿಯಿಂದ ಪತ್ರ ಬಂತು. ಅವಳ ಗುರುತಿನ ಚೀಟಿಯ ನಕಲುಗಳನ್ನು ಹಳೆ ಪೇಪರಿನ ಕಟ್ಟಿನ ಜೊತೆ ಗುಜರಿಯವನ ತಕ್ಕಡಿಗೆ ಹಾಕಿದವಳು ನಾನೇ. ಬೆಳಿಗ್ಗೆ ಹೋಗಿ ನಂಬರ್ ನಿಲ್ಲಿಸಿ, ಪೊಲೀಸರಿಗೆ ದೂರು ಕೊಟ್ಟು ಬಂದೆ. ಮನಸ್ಸು ಮಾತ್ರ ಕುಟುಕುತ್ತಲೇ ಇದೆ.

ಸಂಜೆ ತಂಗಿ ಬಂದಳು. ಉಳಿದ ಆಸ್ಪತ್ರೆ ಚೀಟಿ, ಬ್ಯಾಂಕಿನ ಪತ್ರಗಳನ್ನೆಲ್ಲ ಚೂರು ಮಾಡಿ ಬಕೆಟ್ ನೀರಿನಲ್ಲಿ ನೆನೆಹಾಕಿದೆವು.

"ಫೋನನ್ನ ತಲೆಕೆಳಗಾಗಿ ಹಿಡಿದು ಮಾತಾಡ್ತಿದ್ದವಳು, ಈಗ ನೋಡು, ಹೊಸ ನಂಬರ್ ತಗೊಂಡಿದ್ದಾಳೆ!" ಅಂದಳು. ಇಬ್ಬರೂ ನಕ್ಕೆವು.

ಕೊನೆಗೆ ಸಿಕ್ಕಿದ್ದು ಆ ಹಾಳೆ. ಅರವತ್ತೊಂದನೇ ವಯಸ್ಸಿನಲ್ಲಿ, ಇನ್ನು ಹೆಬ್ಬೆಟ್ಟು ಒತ್ತುವುದಿಲ್ಲ ಎಂದು ಹಟ ಹಿಡಿದು, ಅಡುಗೆಮನೆಯಲ್ಲಿ ಕೂತು ಅಮ್ಮ ಸಹಿ ಕಲಿತ ಹಾಳೆ. ಇಪ್ಪತ್ತು ಸಾಲು. ಕೊನೆಯದು ಬ್ಯಾಂಕಿನಲ್ಲಿರುವ ಸಹಿಯ ಪಡಿಯಚ್ಚು. ಅವಳ ಖಾತೆಯನ್ನು ನಾವಿನ್ನೂ ಮುಚ್ಚಿಸಿಲ್ಲ.

"ಅಕ್ಕ, ಕಳ್ಳನಿಗೆ ಅಮ್ಮನ ಸಹಿ ಕಲಿಯೋಕೆ ಇದಕ್ಕಿಂತ ಒಳ್ಳೆ ಪಾಠ ಬೇಕಾ? ಹರಿದುಬಿಡು."

"ಕೈಯೇ ಏಳ್ತಿಲ್ಲ ಕಣೇ."

ಅವಳು ಕತ್ತರಿ ತಂದಳು. ಮೇಲಿನ ಒಂದೇ ಸಾಲನ್ನು ಕತ್ತರಿಸಿ ನನ್ನ ಅಂಗೈಯಲ್ಲಿಟ್ಟು, ಉಳಿದದ್ದನ್ನು ತಾನೇ ಚೂರು ಮಾಡಿದಳು. ಆ ಮೊದಲ ಸಾಲು, ಇರುವೆಯೊಂದು ಶಾಯಿಯಲ್ಲಿ ಬಿದ್ದು ಎದ್ದು ನಡೆದ ಹಾಗಿದೆ.

"ಇದನ್ನ ಯಾವ ಬ್ಯಾಂಕಿನವನೂ ಒಪ್ಪಲ್ಲ. ಇಟ್ಕೋ."

ಈ ಪುಟಕ್ಕೇ ಅಂಟಿಸಿದ್ದೇನೆ. ಬಕೆಟ್ಟಿನಲ್ಲಿ ಕಾಗದವೆಲ್ಲ ಮುದ್ದೆಯಾಗಿದೆ, ಬೆಳಿಗ್ಗೆ ಚೆಲ್ಲಬೇಕು. ನಿದ್ದೆ ಬರುತ್ತಿದೆ. ಅಂಟು ಇನ್ನೂ ಆರಿಲ್ಲ, ಪುಸ್ತಕ ಮುಚ್ಚುವ ಹಾಗಿಲ್ಲ.