ಎಡಗಡೆ ಬಾಗಲಕ್ಕ ಮಷೀನ್ ಹಚ್ಚಿಲ್ಲ

ನಾಗವೇಣಿ,

ಮಸ್ಕಿಗೆ ಹೊಂಟೀನಿ. ಅಲ್ಲಿ ಒಬ್ಬ ಡಾಕ್ಟರ್ ಕಾರಿಗೆ ಪಾಲಿಶ್ ಹೊಡಿಯೋದೈತಿ. ನೀ ಗುರುಗುಂಟಾದಿಂದ ಬರೋ ಹೊತ್ತಿಗೆ ಮನ್ಯಾಗ ಇರಬೇಕು ಅನ್ಕೊಂಡಿದ್ದೆ, ಆಗಲಿಲ್ಲ. ದೀಪ ಹಚ್ಚೋದ್ರಾಗ ಬರ್ತೀನಿ.

ಅನ್ನ ಮಾಡಿಟ್ಟೀನಿ. ಬಾಜೂಮನಿ ಮುದುಕಮ್ಮ ಪುಂಡಿಪಲ್ಯ ಕೊಟ್ಟಾಳ.

ಬಕೆಟ್ಟಿನ್ಯಾಗ ಪಾಲಿಶ್ ಮಷೀನಿನ ಸ್ಪಂಜು ನೆನಿಯಾಕತ್ತಾವ. ಅವನ್ನ ಒಗಿಯೋ ಕಲ್ಲಿಗೆ ಬಡಿಬ್ಯಾಡ. ಹೋದ ಸಲ ಎರಡು ಹರದ್ವು. ಕೈಲೆ ಹಿಂಡಿದ್ರ ಸಾಕು.

ಅಂಗಳದಾಗ ನಮ್ಮ ಕರೇ ಕಾರು ನೋಡು. ದಿನಾ ಮುಂಜಾನಿ ಒಣ ಅರಿವಿಲೆ ರೈಸ್ ಮಿಲ್ಲಿನ ಧೂಳು ಒರಿಸಿ ಒರಿಸಿ, ಅದರ ಮೈ ತುಂಬ ಗುಂಡಗಿನ ಗೆರಿ ಎಬ್ಬಿಸಿದ್ದಿ. ಅದಕ್ಕ ನಾ ಬೈದೆ, ಅದೂ ಗಿರಾಕಿ ಮುಂದ. ಮರುದಿನಾನ ನೀ ತವರಿಗೆ ಹೋದಿ. ಇವತ್ತಿಗೆ ಇಪ್ಪತ್ತೆರಡು ದಿನ ಆತು.

ನೀ ಹೋದ ಮ್ಯಾಲ ಸಿಟ್ಟಿಲೆ ಮಷೀನ್ ಹಚ್ಚಿ ಗೆರಿ ಎಲ್ಲಾ ತಗದೆ. ಬಾನೆಟ್ಟಿನ್ಯಾಗ ಈಗ ಮುಖ ಕಾಣ್ತೈತಿ. ನನ್ನದೊಂದ ಮುಖ.

ಎಡಗಡೆ ಬಾಗಲಕ್ಕ ಮಾತ್ರ ಹಚ್ಚಿಲ್ಲ, ನೀ ಕುಂದ್ರೋ ಕಡೆದು. ಮೂರು ಸಲ ಮಷೀನ್ ಚಾಲೂ ಮಾಡಿ ಮತ್ತ ಬಂದ್ ಮಾಡೀನಿ. ಬಿಸಲು ಬಿದ್ರ ನಿನ್ನ ಕೈ ಆಡಿದ್ದು ಅಲ್ಲಿ ಹಂಗ ಕಾಣ್ತೈತಿ. ದಿನಾ ಚಾ ಹಿಡಕೊಂಡು ಅದರ ಮುಂದ ಕುಂದ್ರತೀನಿ.

ಇವತ್ತೂ ಕಾರಿನ ಮ್ಯಾಲ ಧೂಳು ಕುಂತೈತಿ. ನಾ ಒರಿಸಿಲ್ಲ.

ನಿನ್ನ ಒಣ ಅರಿವಿ ಮೊದಲಿನ ಮೊಳಿಗೇ ಹಾಕೀನಿ.

ಗಾದಿಲಿಂಗ