ಕೊನೆಯ ಅಧ್ಯಾಯ ಓದಿದ ದಿನ

ಅದೇ ಹಳೆಯ ಮನೆಯಿಂದ,
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಗುಬ್ಬಿ,

ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯಲು ಕೈ ಬರಲಿಲ್ಲ. ನಾಲ್ಕು ಸಲ ಶುರು ಮಾಡಿ ನಾಲ್ಕು ಸಲವೂ ಹರಿದು ಹಾಕಿದೆ. ಕೋಪ ಮಾಡಿಕೊಳ್ಳಬೇಡ ಎನ್ನುವ ಮುಖ ನನಗಿಲ್ಲ. ಕೋಪದಲ್ಲೇ ಆದರೂ ಪೂರ್ತಿ ಓದು, ಅಷ್ಟು ಸಾಕು.

ಮಂಡಿನೋವು ಹೇಗಿದೆ? ಅಣ್ಣ ಅತ್ತಿಗೆ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ ಎಂದು ಬರೆದಿದ್ದೆಯಲ್ಲ, ಮನಸ್ಸಿಗೆ ನೆಮ್ಮದಿಯಾಯಿತು. ನಿನ್ನ ಅಕ್ಷರ ನೋಡಿ ಅದಕ್ಕಿಂತ ಹೆಚ್ಚು ಖುಷಿಯಾಯಿತು. ಹಾಜರಿ ಪುಸ್ತಕದಲ್ಲಿ ಹೆಸರು ಬರೆಯಲು ನಾಲಿಗೆ ಕಚ್ಚಿಕೊಂಡು ಒದ್ದಾಡುತ್ತಿದ್ದವಳು ಈಗ ಎಂಟು ಪುಟ ಬರೆದಿದ್ದೀಯ. ಅದೂ ನನ್ನನ್ನು ಬೈಯಲಿಕ್ಕೆ.

ಇಲ್ಲಿಯ ಸಮಾಚಾರ ಹೇಳುತ್ತೇನೆ. ನಮ್ಮ ಲಕೋಟೆ ಕಾರ್ಖಾನೆಗೆ ಮೆಷಿನ್ ಬಂದಿದೆ. ಹನ್ನೆರಡು ಜನ ಸುತ್ತ ಕೂತು ಮಡಿಸಿ ಅಂಟಿಸುತ್ತಿದ್ದ ಉದ್ದನೆಯ ಮೇಜನ್ನು ಗೋಡೆಗೆ ನೂಕಿದ್ದಾರೆ, ಅದರ ಮೇಲೆ ಈಗ ರಟ್ಟಿನ ಪೆಟ್ಟಿಗೆಗಳು. ಹಳಬರು ಉಳಿದಿರುವುದು ನಾಲ್ಕೇ ಜನ. ಮೆಷಿನ್ನಿನ ಸದ್ದಿಗೆ ಪಕ್ಕದವಳು ಕಿವಿ ಹತ್ತಿರ ಬಂದು ಕೂಗಿದರೂ ಅರ್ಧ ಮಾತೇ ಕೇಳಿಸುವುದು. ನನ್ನನ್ನು ಈಗಲೂ ರೇಡಿಯೋ ಎಂದೇ ಕರೆಯುತ್ತಾರೆ. ಹೊಸ ಹುಡುಗಿಯರಿಗೆ ಯಾಕೆಂದು ಗೊತ್ತಿಲ್ಲ, ಹಿಂದೆ ಬಾಯಿಬಡುಕಿಯಾಗಿದ್ದಿರಬೇಕು ಎಂದುಕೊಂಡಿದ್ದಾರೆ.

ಅದು ಶುರುವಾದದ್ದು ನಿನ್ನಿಂದ, ನೆನಪಿದೆಯೇ? ಊಟದ ಹೊತ್ತಿನಲ್ಲಿ ನಾನು ಮೂಲೆಯಲ್ಲಿ ಕೂತು ಓದುತ್ತಿದ್ದರೆ ನೀನು ಬಂದು, "ಒಬ್ಬಳೇ ನಗ್ತೀಯಲ್ಲೇ, ಅದೇನು ಅಂತ ನಮಗೂ ಹೇಳು" ಎಂದೆ. ಒಂದು ಪುಟ ಗಟ್ಟಿಯಾಗಿ ಓದಿದೆ. ಮರುದಿನದಿಂದ ನನ್ನ ಪಾಲಿನ ಕಟ್ಟುಗಳನ್ನು ನೀವು ಹನ್ನೊಂದು ಜನ ಹಂಚಿಕೊಂಡಿರಿ, ಊಟವಾದ ಮೇಲೆ ಒಂದು ಗಂಟೆ ನಾನು ಓದುವುದು ಎಂದಾಯಿತು. ಮೇಲ್ವಿಚಾರಕರು ಮೊದಲ ವಾರ ಹಾರಾಡಿದರು. ಕತೆ ಕೇಳುವಾಗ ಯಾರೂ ಜಗಳವಾಡುವುದಿಲ್ಲ, ಲಕೋಟೆ ಹಾಳಾಗುವುದೂ ಕಡಿಮೆ ಎಂದು ತಿಳಿದ ಮೇಲೆ ಸುಮ್ಮನಾದರು. ಆಮೇಲಾಮೇಲೆ ಆ ಗಂಟೆಗೆ ಸರಿಯಾಗಿ ಬಾಗಿಲ ಬಳಿ ಬಂದು ಎಣಿಸಿದ ಕಟ್ಟುಗಳನ್ನೇ ಎಣಿಸುತ್ತಾ ನಿಲ್ಲುತ್ತಿದ್ದರು.

ಮನಸ್ಸಿನಲ್ಲೇ ಓದುವವರಿಗೆ ಗೊತ್ತಾಗದ ಸಂಗತಿಗಳು ಗಟ್ಟಿಯಾಗಿ ಓದುವವಳಿಗೆ ಗೊತ್ತಾಗುತ್ತವೆ, ಗುಬ್ಬಿ. ಯಾವ ಲೇಖಕರು ಮನಸ್ಸಿಟ್ಟು ಬರೆದಿದ್ದಾರೆ, ಯಾರು ಪುಟ ತುಂಬಿಸಿದ್ದಾರೆ ಎನ್ನುವುದನ್ನು ಉಸಿರೇ ಹೇಳಿಬಿಡುತ್ತದೆ. ಮೂರು ಪುಟ ಬರೀ ಮೋಡದ ವರ್ಣನೆ ಮಾಡುತ್ತಿದ್ದ ಆ ದೊಡ್ಡ ಹೆಸರಿನವರನ್ನು ನಾನು ಭಕ್ತಿಯಿಂದ ಓದುತ್ತಿದ್ದರೆ ನೀನು, "ಈ ಮನುಷ್ಯನ ಕತೇಲಿ ಯಾರೂ ಪಾತ್ರೆ ತೊಳೆಯಲ್ವಾ?" ಎಂದೆ. ಮೇಜಿನ ಸುತ್ತ ಎಲ್ಲರೂ ನಕ್ಕರು. ಅವತ್ತಿನಿಂದ ನಾನು ಪುಸ್ತಕ ಆರಿಸುವ ರೀತಿಯೇ ಬದಲಾಯಿತು. ಈಗಲೂ ಗ್ರಂಥಾಲಯದಲ್ಲಿ ಹೊಸ ಪುಸ್ತಕ ಕೈಗೆತ್ತಿಕೊಂಡರೆ ನಡುವಿನ ಒಂದು ಪುಟ ತೆರೆದು, ಇವರ ಜನ ಹೊಟ್ಟೆಪಾಡಿಗೆ ಏನು ಮಾಡುತ್ತಾರೆ ಎಂದು ಮೊದಲು ನೋಡುತ್ತೇನೆ.

ಹಾಗೆ ಹುಡುಕುವಾಗಲೇ ನಮ್ಮ ಗಡಿಯಾರದವರು ಸಿಕ್ಕಿದ್ದು. ಬರೆಯುವುದಕ್ಕೆ ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದರು ಎಂದು ಪುಸ್ತಕದ ಹಿಂಬದಿಯಿಂದ ನಾನು ಓದಿ ಹೇಳಿದಾಗ ನೀನೇ ಇಟ್ಟ ಹೆಸರು ಅದು. ಅವರ ನಾಲ್ಕು ಕಾದಂಬರಿ ಓದಿದೆವು. ಐದನೆಯದು ರೈಲ್ವೆ ಗೇಟು ಕಾಯುವವನದು, ಅವನ ಕಾಯಿಲೆಯ ಮಗಳದು. ಅದನ್ನು ಶುರು ಮಾಡಿದಾಗ ನಿನ್ನ ಮಗಳು ಚೋಟುವೂ ಆಸ್ಪತ್ರೆಗೆ ಹೋಗಿಬಂದು ಮಾಡುತ್ತಾ ಆರು ತಿಂಗಳಾಗಿತ್ತು. ಮುಂದೆ ಏನಿದೆ ಎಂದು ತಿಳಿದಿದ್ದರೆ ಆ ಪುಸ್ತಕವನ್ನು ಮುಟ್ಟುತ್ತಿರಲಿಲ್ಲ. ಅರ್ಧ ಓದಿದ ಮೇಲೆ, ಬೇರೆ ಯಾವುದಾದರೂ ಓದೋಣವೇ ಎಂದು ನಾನು ಕೇಳಿದ್ದೂ ಉಂಟು. "ಬೇಡ, ಆ ಹುಡುಗಿ ಏನಾಗ್ತಾಳೆ ನೋಡ್ಬೇಕು" ಎಂದು ನೀನೇ ಹಟ ಹಿಡಿದೆ. ಮೈ ಹಗುರವಿದ್ದ ದಿನ ಚೋಟುವೂ ಬಂದು ಕಾಗದದ ಹೊರೆಗಳ ಮೇಲೆ ಕಾಲು ಇಳಿಬಿಟ್ಟು ಕೇಳುತ್ತಿದ್ದಳು. ಹದಿನಾರು ವರ್ಷದವಳು ಹತ್ತು ವರ್ಷದವಳಂತೆ ಕಾಣುತ್ತಿದ್ದಳು.

ಕೊನೆಯ ಅಧ್ಯಾಯ ಓದಿದ ದಿನ ನನಗೆ ಚೆನ್ನಾಗಿ ನೆನಪಿದೆ. ಕಾಯಿಲೆ ಬಿಟ್ಟ ಹುಡುಗಿ ಬೆಳಗ್ಗೆ ಅಪ್ಪನನ್ನು ಎಬ್ಬಿಸದೆ ತಾನೇ ಹೋಗಿ ಗೇಟು ಹಾಕುತ್ತಾಳೆ, ರೈಲಿನಲ್ಲಿ ಕಿಟಕಿ ಪಕ್ಕ ಕೂತ ಒಬ್ಬ ಅಜ್ಜಿ ಅವಳಿಗೆ ಕೈ ಬೀಸುತ್ತಾಳೆ. ನಾನು ಓದಿದ್ದು ಅದು. ಮೇಜಿನ ಸುತ್ತ ಯಾರ ಕೈಯೂ ಓಡಲಿಲ್ಲ. ಮೇಲ್ವಿಚಾರಕರು ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡರು. ನೀನು ಅಂಟು ಮೆತ್ತಿದ ಕೈಯಲ್ಲೇ ನನ್ನ ಕೆನ್ನೆ ಹಿಡಿದು, "ಎಲ್ಲಾ ಪುಸ್ತಕಕ್ಕಿಂತ ಇದೇ ಚೆನ್ನಾಗಿದೆ ಕಣೇ. ಇವರಿಗೆ ಹೆತ್ತವರ ಹೊಟ್ಟೆಸಂಕಟ ಗೊತ್ತು" ಎಂದೆ. ಮೂರು ವಾರದ ಮೇಲೆ ಚೋಟು ಹೋದಳು.

ಈಗ ಒಂಬತ್ತು ವರ್ಷವಾದ ಮೇಲೆ ಬಸ್ ನಿಲ್ದಾಣದ ಹಳೆಯ ಪುಸ್ತಕದ ಅಂಗಡಿಯಲ್ಲಿ ಅದೇ ಪುಸ್ತಕ ನಿನ್ನ ಕೈಗೆ ಸಿಕ್ಕಿದೆ. ಅದರಲ್ಲಿ ಹುಡುಗಿ ಬದುಕುವುದಿಲ್ಲ. ಅಜ್ಜಿಯೂ ಇಲ್ಲ, ಕೈ ಬೀಸುವುದೂ ಇಲ್ಲ.

"ನೀನು ಓದಿದ ಸುಳ್ಳು ನಂಬಿ ಕಡೇ ಮೂರು ವಾರ ನನ್ನ ಮಗಳ ಜೊತೆ ಮುಂದಿನ ವರ್ಷದ ಯೂನಿಫಾರಂ ಬಗ್ಗೆ ಮಾತಾಡಿದೆ. ಹೊರಟವಳಿಗೆ ಆಡಬೇಕಾದ ಒಂದು ಮಾತೂ ಆಡಲಿಲ್ಲ" ಎಂದು ಬರೆದಿದ್ದೀಯ. ಹೌದು, ನಾನು ಓದಿದ ಕೊನೆ ಆ ಪುಸ್ತಕದ್ದಲ್ಲ. ನಿನ್ನ ಮುಖ ನೋಡಿ ನಿಜವನ್ನು ಓದುವ ಧೈರ್ಯವಾಗಲಿಲ್ಲ ಎಂದು ತಿಳಿದುಕೋ. ತಪ್ಪು ನನ್ನದೇ, ಅದನ್ನು ಬೇರೆ ಯಾರ ತಲೆಗೂ ಕಟ್ಟುವುದಿಲ್ಲ.

ನಿನ್ನ ಪತ್ರ ಬಂದ ಮೇಲೆ ಗ್ರಂಥಾಲಯಕ್ಕೆ ಹೋಗಿ ಆ ಪುಸ್ತಕ ತಂದು ಮತ್ತೆ ಓದಿದೆ. ಅದನ್ನು ಬರೆದವರು ಈಗಿಲ್ಲ. ಅವರಿಗೆ ಕ್ಷಮೆ ಕೇಳಿ ಒಂದು ಕಾರ್ಡು ಬರೆಯಬೇಕೆಂದು ಎಷ್ಟೋ ವರ್ಷ ಅಂದುಕೊಂಡೆ, ಬರೆಯಲಿಲ್ಲ. ಬರೀ ಓದುವವಳಾಗಿ ಹೇಳುವುದಾದರೆ ಅವರ ಕೊನೆಯೇ ಸರಿ. ಹುಡುಗಿ ನರಳಿ ಹೋಗುವುದು ಅರ್ಧ ಪುಟದಲ್ಲಿ ಮುಗಿಯುತ್ತದೆ. ಆಮೇಲೆ ಎಂಟೂವರೆಯ ರೈಲು ಬರುವ ಹೊತ್ತಾಗುತ್ತದೆ, ಅಪ್ಪ ಎದ್ದು ಹೋಗಿ ಗೇಟು ಹಾಕುತ್ತಾನೆ. ಮೊದಲು ಓದಿದಾಗ ಇಷ್ಟು ಕಲ್ಲುಮನಸ್ಸೇ ಎಂದು ಅವರನ್ನು ಬೈದುಕೊಂಡಿದ್ದೆ. ನೀನು ಚೋಟುವಿನ ಹಾಸಿಗೆ ಸುತ್ತಿಟ್ಟು ಹತ್ತನೆಯ ದಿನ ಕೆಲಸಕ್ಕೆ ಬಂದು ಅಂಟಿನ ಡಬ್ಬಿ ಎಳೆದುಕೊಂಡು ಕೂತೆಯಲ್ಲ, ಅವತ್ತು ಅವರು ಯಾಕೆ ಹಾಗೆ ಬರೆದರು ಎಂದು ಅರ್ಥವಾಯಿತು. ನಾನು ಮತ್ತೆ ಗಟ್ಟಿಯಾಗಿ ಓದಲಿಲ್ಲ. ಗಂಟಲು ಕಟ್ಟಿದೆ ಎಂದು ಹೇಳುತ್ತಾ ಬಂದೆ, ಆಮೇಲೆ ಮೆಷಿನ್ ಬಂತು.

ನೀನು ಓದುವುದನ್ನು ಬಿಡಬೇಡ. ನನ್ನ ಮೇಲಿನ ಸಿಟ್ಟನ್ನು ಪುಸ್ತಕಗಳ ಮೇಲೆ ತೀರಿಸಿಕೊಳ್ಳಬೇಡ. ಮಂಡಿಗೆ ಬಿಸಿನೀರಿನ ಕಾವು ಕೊಡು, ಮೆಟ್ಟಿಲು ಹತ್ತಬೇಡ. ಅಣ್ಣ ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು. ನಿನಗೆ ಒಳ್ಳೆಯದಾಗಲಿ, ನಿದ್ದೆ ಬರಲಿ.

ನಿನ್ನ
ರೇಡಿಯೋ

ಮರೆತ ಮಾತು, ಶುಕ್ರವಾರ:

ಪತ್ರವನ್ನು ಲಕೋಟೆಗೆ ಹಾಕಿ ಮೂರು ದಿನವಾಯಿತು. ಅಂಚೆ ಡಬ್ಬಿಯ ತನಕ ಎರಡು ಸಲ ಹೋಗಿ ವಾಪಸ್ಸು ಬಂದೆ. ಧೈರ್ಯವಾಗಲಿಲ್ಲ ಎಂದು ಬರೆದದ್ದು ಅರ್ಧ ನಿಜ. ಉಳಿದರ್ಧವನ್ನು ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಇವತ್ತು ಆ ಮಾತು ಮುರಿಯುತ್ತಿದ್ದೇನೆ.

ಕೊನೆಯ ಅಧ್ಯಾಯಕ್ಕೆ ಮೊದಲಿನ ಶನಿವಾರ ಚೋಟು ಆ ಪುಸ್ತಕವನ್ನು ನನ್ನಿಂದ ಕೇಳಿ ತೆಗೆದುಕೊಂಡು ಹೋದಳು. ಸೋಮವಾರ ನೀನು ಗೋದಾಮಿನಿಂದ ಕಾಗದ ತರಲು ಹೋಗಿದ್ದಾಗ ವಾಪಸ್ಸು ತಂದಳು.

"ಚಿಕ್ಕಮ್ಮಾ, ಕೊನೆ ಓದ್ದೆ. ಇದನ್ನ ಅಮ್ಮನ ಮುಂದೆ ಓದ್ಬೇಡಿ."

"ಕತೆ ತಾನೇ ಪುಟ್ಟಾ" ಎಂದೆ.

"ಅಮ್ಮಂಗೆ ಅದು ಕತೆ ಅಲ್ಲ. ದಿನಾ ಮನೆಗೆ ಬಂದು ಅದನ್ನೇ ಹೇಳ್ತಾಳೆ. ಗೇಟಿನ ಹುಡುಗಿ ಉಳ್ಕೊಂಡ್ರೆ ನಾನೂ ಉಳ್ಕೋತೀನಿ ಅಂದ್ಕೊಂಡಿದಾಳೆ."

"ನೀನೂ ಉಳ್ಕೋತೀಯ."

"ಡಾಕ್ಟರು ಮಾವನ ಹತ್ರ ಹೇಳಿದ್ದು ಕೇಳಿಸ್ಕೊಂಡೆ ಚಿಕ್ಕಮ್ಮಾ. ಬಾಗಿಲು ಪೂರ್ತಿ ಹಾಕಿರ್ಲಿಲ್ಲ. ನಂಗೆ ಗೊತ್ತು ಅಂತ ಅಮ್ಮಂಗೆ ಗೊತ್ತಾಗ್ಬಾರ್ದು. ಇನ್ನಿರೋ ದಿನ ಅವಳು ನಗ್ತಾ ಇರ್ಲಿ."

ಆಮೇಲೆ ಶಾಲೆಯ ನೋಟುಬುಕ್ಕಿನಿಂದ ಹರಿದ ನಾಲ್ಕು ಹಾಳೆ ಕೊಟ್ಟಳು. ಭಾನುವಾರ ಇಡೀ ದಿನ ಕೂತು ಬರೆದಿದ್ದಳಂತೆ. ಅಲ್ಲಲ್ಲಿ ಹೊಡೆದುಹಾಕಿ ಮತ್ತೆ ಬರೆದಿದ್ದಾಳೆ. ರೈಲಿನ ಅಜ್ಜಿ ಅವಳದು, ಗೇಟು ಹಾಕುವುದೂ ಅವಳದು. ನಾನು ಹಾಳೆಗಳನ್ನು ಪುಸ್ತಕದೊಳಗಿಟ್ಟುಕೊಂಡು ಓದಿದೆ. ನೀನು ನನ್ನ ಕೆನ್ನೆ ಹಿಡಿದು ಆ ಮಾತು ಹೇಳುವಾಗ ಅವಳು ಕಾಗದದ ಹೊರೆಯ ಮೇಲೆ ಕೂತು ನಿನ್ನನ್ನೇ ನೋಡುತ್ತಿದ್ದಳು.

ಹಾಳೆಗಳನ್ನು ನಿನಗೆ ಅವತ್ತೇ ಕೊಡಬೇಕಾಗಿತ್ತು. ಅವಳು ಹೋದ ದಿನ ನೀನು, "ಏನೂ ಗೊತ್ತಾಗದೆ ಹೋದ್ಲು ಕಣೇ, ಅಷ್ಟೇ ನನಗೆ ಸಮಾಧಾನ" ಎಂದುಬಿಟ್ಟೆ. ಆಮೇಲೆ ಹೇಗೆ ಕೊಡಲಿ? ಈಗ ಇದರ ಜೊತೆ ನಾಲ್ಕನ್ನೂ ಇಟ್ಟಿದ್ದೇನೆ.

ಇನ್ನೊಂದೇ ಉಳಿದಿದೆ. ಹಾಳೆ ಕೊಟ್ಟು ಬಾಗಿಲ ತನಕ ಹೋದವಳು ತಿರುಗಿ, "ಚಿಕ್ಕಮ್ಮಾ, ಪುಸ್ತಕದಲ್ಲಿ ಬರ್ದಿರೋ ಹಾಗೆ ಹೋಗೋವಾಗ ಅಷ್ಟೊಂದು ನೋವಾಗುತ್ತಾ?" ಎಂದು ಕೇಳಿದಳು. "ಬರೆಯೋರು ಸ್ವಲ್ಪ ಜಾಸ್ತಿ ಮಾಡಿ ಬರೀತಾರೆ ಪುಟ್ಟಾ" ಎಂದೆ, ತಲೆ ಎತ್ತದೆ ಲಕೋಟೆ ಮಡಿಸುತ್ತಾ. "ಹಾಗಾದ್ರೆ ಸರಿ" ಎಂದು ಹೋದಳು. ಹೆದರಿಕೆ ಹೇಳಿಕೊಳ್ಳಲು ಅವಳಿಗೆ ಇದ್ದದ್ದು ನಾನೊಬ್ಬಳೇ, ಗುಬ್ಬಿ. ನಾನು ಅಲ್ಲಿಗೇ ಮಾತು ಮುಗಿಸಿಬಿಟ್ಟೆ.